ಗೋದಾವರಿ ಮೇಡಂ ಮತ್ತು ಬೀಳದ ಪಿಕ್ಕು

"ಈ ಸಲ ನನ್ನ ಕೈಯಿಂದ ಪಿಕ್ಕು ಜಾರಿದರೆ ಗಿಟಾರನ್ನು ಯಾರಿಗಾದರೂ ಕೊಟ್ಟು ಭಜನೆಗೆ ತಾಳ ಕುಟ್ಟಲು ಹೋಗುತ್ತೇನೆ. ಆದರೆ ಜಾರುವುದಿಲ್ಲ."

ಗೋದಾವರಿ ಮೇಡಂ ಹೀಗೆಂದು ಘೋಷಿಸಿದ್ದು ಬೆಟ್ಟಂಪಾಡಿಯ ತಮ್ಮ ಮನೆಯಲ್ಲಿ, ನೀರುದೋಸೆಯ ಹೊತ್ತಿಗೆ. ಸಭಿಕರು ಒಬ್ಬರೇ, ಗಂಡ ರಾಮಪ್ರಸಾದರು. ಆದರೂ ಧ್ವನಿ ಕೊನೆಯ ಬೆಂಚಿಗೆ ಮುಟ್ಟುವಷ್ಟಿತ್ತು. ಪುತ್ತೂರಿನ ಕಾಲೇಜೊಂದರಲ್ಲಿ ಮೂವತ್ತನಾಲ್ಕು ವರ್ಷ ಭೌತಶಾಸ್ತ್ರ ಕಲಿಸಿದ ಧ್ವನಿ ಅದು. ಒಂಬತ್ತು ವರ್ಷಗಳ ಹಿಂದೆ ನಿವೃತ್ತಿಯಾದದ್ದು ಮೇಡಂಗೆ, ಧ್ವನಿಗೆ ಆಗಿರಲಿಲ್ಲ.

ರಾಮಪ್ರಸಾದರು ದೋಸೆಯನ್ನು ಕಾಯಿಬೆಲ್ಲಕ್ಕೆ ಒತ್ತುತ್ತ, ತಾಳವೂ ಕೈಯಿಂದ ಜಾರುವ ಜಾತಿಯದೇ ಅಲ್ಲವೇ ಎಂದು ಕೇಳಿದರು. ತಾಳಕ್ಕೆ ದಾರ ಇರುತ್ತದೆ ಎಂದು ಮೇಡಂ ಉತ್ತರಿಸಿದರು. ಅಲ್ಲಿಗೆ ಆ ಚರ್ಚೆ ಮುಗಿಯಿತು.

ಅರುವತ್ತೊಂಬತ್ತರ ಈ ಹೆಂಗಸಿಗೆ ಗಿಟಾರು ಯಾಕೆ ಬೇಕಿತ್ತು ಎಂಬುದು ಊರಿನವರಿಗೆ ಬಹಳ ದಿನ ಬಗೆಹರಿಯದ ಪ್ರಶ್ನೆಯಾಗಿತ್ತು. ಉತ್ತರ ಸುಲಭ. ನಿವೃತ್ತಿಯಾದ ದಿನದಿಂದ ಅವರಿಗೆ ಸಲಹೆ ಕೊಡದವರಿರಲಿಲ್ಲ. ಭಜನಾ ಮಂಡಳಿಗೆ ಸೇರಿ ಎಂದರು ಕೆಲವರು. ವೀಣೆ ಕಲಿಯಿರಿ, ವಯಸ್ಸಿಗೆ ಒಪ್ಪುತ್ತದೆ ಎಂದರು ಕೆಲವರು. ಮನೆಯಲ್ಲಿ ಆರಾಮ ಮಾಡಿ ಎಂದವರ ಮನೆಗೆ ಮೇಡಂ ಮತ್ತೆ ಹೋಗಲಿಲ್ಲ. ಗಿಟಾರು ಕಲಿಯಿರಿ ಎಂದು ಮಾತ್ರ ಯಾರೂ ಹೇಳಲಿಲ್ಲ. ಆದ್ದರಿಂದ ಅವರು ಗಿಟಾರು ಕಲಿಯಲು ಹೊರಟರು.

ಒಂದೇ ಒಂದು ಎಡವಟ್ಟಾಯಿತು. ಎಂಟು ತಿಂಗಳಾಗುವಷ್ಟರಲ್ಲಿ ಗಿಟಾರು ಅವರಿಗೆ ನಿಜವಾಗಿ ಹಿಡಿಸಿಬಿಟ್ಟಿತು. ಬೆಳಿಗ್ಗೆ ಕಾಫಿಗೆ ಮುಂಚೆ ಅರ್ಧ ಗಂಟೆ ಎಡಗೈ ಬೆರಳ ತುದಿಗಳನ್ನು ತಂತಿಗೆ ತೇಯ್ದುಕೊಳ್ಳದಿದ್ದರೆ ದಿನವೇ ಸರಿಯಾಗುತ್ತಿರಲಿಲ್ಲ. ಬರೀ ಹಠಕ್ಕೆ ಹಿಡಿದದ್ದಾಗಿದ್ದರೆ ಎಂದೋ ಬಿಟ್ಟುಬಿಡಬಹುದಿತ್ತು. ಇದನ್ನು ಬಿಡುವುದು ಕಷ್ಟ ಎಂದು ಅವರಿಗೆ ಗೊತ್ತಿತ್ತು, ಮತ್ತು ಅದನ್ನು ಯಾರ ಹತ್ತಿರವೂ ಹೇಳುವ ಉದ್ದೇಶ ಅವರಿಗಿರಲಿಲ್ಲ.

ಕ್ಲಾಸು ಇದ್ದದ್ದು ಪುತ್ತೂರಿನ ದರ್ಬೆಯಲ್ಲಿ, ಒಂದು ಕಟ್ಟಡದ ಎರಡನೇ ಮಾಳಿಗೆಯಲ್ಲಿ. ಕಲಿಸುವವನು ಉದಯಶಂಕರ. ಅವನು ಮೇಡಂ ಅವರ ಹಳೆಯ ವಿದ್ಯಾರ್ಥಿ, ಅದೂ ಮರೆಯಲಾಗದ ವಿದ್ಯಾರ್ಥಿ. ಇಪ್ಪತ್ತೈದು ವರ್ಷಗಳ ಹಿಂದೆ ಪಿಯುಸಿಯ ಪ್ರಾಕ್ಟಿಕಲ್ ಪರೀಕ್ಷೆಯಲ್ಲಿ ತಕ್ಕಡಿ ಬೇಕಾದ ರೀಡಿಂಗು ಕೊಡದಿದ್ದಾಗ, ಬಾಯಲ್ಲಿದ್ದ ಚೂಯಿಂಗ್ ಗಮ್ಮನ್ನು ತಟ್ಟೆಯ ಅಡಿಗೆ ಅಂಟಿಸಿ ತೂಕ ಸರಿಮಾಡಿದ್ದ. ಮೇಡಂ ತಟ್ಟೆಯನ್ನು ಎತ್ತಿ ನೋಡಿದರು. "ಅಂಟಿಸಿದ್ದಕ್ಕೆ ಮಾರ್ಕ್ ಇಲ್ಲ" ಎಂದರು. ಉದಯಶಂಕರ ಆ ವರ್ಷ ಅಕ್ಟೋಬರಿನಲ್ಲಿ ಮತ್ತೆ ಪರೀಕ್ಷೆಗೆ ಬಂದ. ಮೇಡಂ ಅವರ ಲ್ಯಾಬಿನಲ್ಲಿ ಇನ್ನೊಂದು ಶಾಸನವೂ ಇತ್ತು: ಒಂದು ಪ್ರಯೋಗಕ್ಕೆ ಮೂರು ಅವಕಾಶ. ನಾಲ್ಕನೆಯದು ಇಲ್ಲ. ನಾಲ್ಕನೆಯದನ್ನು ಕೇಳಿದವರ ಮುಖವನ್ನು ಅವರು ಕನ್ನಡಕ ತೆಗೆದು ನೋಡುತ್ತಿದ್ದರು. ಆಮೇಲೆ ಯಾರೂ ಕೇಳುತ್ತಿರಲಿಲ್ಲ.

ಉದಯಶಂಕರನ ಕ್ಲಾಸಿನಲ್ಲಿ ಮೂರು ಹಂತ, ಹಂತಕ್ಕೊಂದು ಪಿಕ್ಕು. ತಂತಿ ಮೀಟಲು ಎರಡು ಬೆರಳ ನಡುವೆ ಹಿಡಿಯುವ, ಉಗುರಿಗಿಂತ ಸ್ವಲ್ಪ ದೊಡ್ಡ ಪ್ಲಾಸ್ಟಿಕ್ ತುಂಡು ಅದು. ಮೊದಲ ಹಂತದವರಿಗೆ ಹಳದಿ, ಕಾಗದದ ಹಾಗೆ ತೆಳು. ಎರಡನೆಯವರಿಗೆ ಹಸಿರು, ಮಧ್ಯಮ ದಪ್ಪ. ಜೊತೆಗೆ ಗಿಟಾರಿನ ಕುತ್ತಿಗೆಗೆ ಕಚ್ಚಿಸುವ ಕ್ಯಾಪೊ ಎಂಬ ಕ್ಲಿಪ್ಪು. ಮೂರನೆಯವರಿಗೆ ಕಪ್ಪು, ಕಲ್ಲಿನಂತೆ ಗಟ್ಟಿ. ಹಂತ ದಾಟುವ ದಿನ ಒಂದು ಕ್ರಮ ಉಂಟು. ಉದಯಶಂಕರ ಹೊಸ ಸಾಮಾನನ್ನು ವಿದ್ಯಾರ್ಥಿಯ ಬಲ ಅಂಗೈಯಲ್ಲಿಡುತ್ತಾನೆ, ವಿದ್ಯಾರ್ಥಿ ಹಳೆಯ ಪಿಕ್ಕನ್ನು ಬಲಗೈಯಿಂದಲೇ ಹಿಂದೆ ಕೊಡಬೇಕು. ಎಡಗೈ ಚಾಚಿದರೆ ಮಕ್ಕಳೇ ಬೊಬ್ಬೆ ಹೊಡೆಯುತ್ತಾರೆ. ಈ ಬಲಗೈ ಶಿಸ್ತನ್ನು ಉದಯಶಂಕರ ಎಲ್ಲಿ ಕಲಿತದ್ದೆಂದು ಕೇಳುವುದು ಬೇಡ. ಎಡಗೈಯಲ್ಲಿ ಕೊಟ್ಟ ರೆಕಾರ್ಡ್ ಪುಸ್ತಕಗಳು ಮೇಡಂ ಅವರ ಮೇಜಿನಿಂದ ಕಿಟಕಿಯ ಕಡೆಗೆ ಹಾರುತ್ತಿದ್ದ ಕಾಲವೊಂದಿತ್ತು.

ಪರೀಕ್ಷೆ ಏನು ಮಹಾ ಅಲ್ಲ. ಜಿ, ಸಿ, ಡಿ ಎಂಬ ಸ್ವರಮೇಳಗಳಿಗೆ ಎಡಗೈ ಜಾಗ ಬದಲಿಸುತ್ತ, ಬಲಗೈ ಪಿಕ್ಕಿನಿಂದ ತಾಳ ತಪ್ಪದೆ ಮೂರು ಸುತ್ತು ಮೀಟಬೇಕು. ಪಿಕ್ಕು ಬೀಳಬಾರದು. ಅಷ್ಟೆ. ನಾಲ್ಕನೇ ಕ್ಲಾಸಿನ ಮಕ್ಕಳು ಪಾಸಾಗುತ್ತಾರೆ. ಆದರೆ ನಾಲ್ಕನೇ ಕ್ಲಾಸಿನ ಮಕ್ಕಳ ಕೈ ಬೆವರುವುದಿಲ್ಲ. ಮೇಡಂ ಅವರ ಅಂಗೈ ಎಪ್ರಿಲ್ ತಿಂಗಳಲ್ಲಿ ಸೋರುವ ನಲ್ಲಿ.

ಮೊದಲ ಸಲ ಸೋತದ್ದು ಸ್ವಂತ ನಿರ್ಧಾರದಿಂದ. ಕೆಳಗಿನ ಅಂಗಡಿಯ ಕಾಸಿಂ, ಜಾಲ್ಸೂರಿನಿಂದ ದಿನಾ ಬಸ್ಸಿನಲ್ಲಿ ಬಂದು ಗಿಟಾರು, ತಬಲ, ಶಾಲೆಯ ಬೆಲ್ಟು, ಟ್ರೋಫಿ ಎಲ್ಲ ಮಾರುವ ಸಾವಧಾನದ ಮನುಷ್ಯ, ಗಾಜಿನ ಮೇಲೆ ಮೂರು ಬಣ್ಣ ಹರಡಿ ವಿವರಿಸಿದ್ದರು. ಹೊಸಬರಿಗೆ ತೆಳು ಒಳ್ಳೆಯದು, ತಂತಿಗೆ ತಾಗಿದಾಗ ಅದೇ ಬಾಗುತ್ತದೆ, ಕೈ ತಪ್ಪಿದರೂ ಕೇಳುವವರಿಗೆ ಗೊತ್ತಾಗುವುದಿಲ್ಲ. ಗಟ್ಟಿಯದು ಬಾಗುವುದಿಲ್ಲ, ಅದಕ್ಕೆ ಕೈ ಪಳಗಿರಬೇಕು.

"ನಾನೂ ಬಾಗುವವಳಲ್ಲ," ಎಂದರು ಮೇಡಂ. "ಕಪ್ಪು ಕೊಡಿ."

ಕಪ್ಪು ಪಿಕ್ಕು ಪರೀಕ್ಷೆಯ ಎರಡನೇ ಸುತ್ತಿನಲ್ಲಿ ಮೂರನೇ ತಂತಿಗೆ ಸಿಕ್ಕಿ, ಕವಣೆಕಲ್ಲಿನ ಹಾಗೆ ಕಿಟಕಿ ದಾಟಿ, ಎದುರಿನ ಕಟಿಂಗ್ ಶಾಪಿನಲ್ಲಿ ಗಡ್ಡಕ್ಕೆ ನೊರೆ ಹಚ್ಚಿಸಿಕೊಂಡು ಕೂತಿದ್ದವರೊಬ್ಬರ ನೊರೆಯೊಳಗೆ ಇಳಿಯಿತು. ಎರಡನೇ ಸಲ ಹಲ್ಲು ಕಚ್ಚಿ ಹಳದಿಯನ್ನೇ ಹಿಡಿದರು. ಅದು ಹಾರಲಿಲ್ಲ, ವಿನಯದಿಂದ ಜಾರಿ ಗಿಟಾರಿನ ಹೊಟ್ಟೆಯೊಳಗೆ ಬಿತ್ತು. ಇವತ್ತಿಗೂ ಅಲ್ಲೇ ಉಂಟು. ಗಿಟಾರನ್ನು ಎತ್ತಿದಾಗಲೆಲ್ಲ ಕಟಕಟ ಎಂದು ತನ್ನ ಇರವನ್ನು ತಿಳಿಸುತ್ತದೆ.

ಆ ದಿನ ಕೆಳಗಿಳಿದು ಬಂದಾಗ ಕಾಸಿಂ ಮೆಲ್ಲಗೆ ಇನ್ನೊಂದು ಡಬ್ಬಿ ತೆರೆದರು. ಬೆವರುವ ಕೈಯವರಿಗೆಂದೇ ಬರುವ ಪಿಕ್ಕು, ಮೈ ತರಿತರಿ, ನಡುವೆ ಒಂದು ತೂತು. ತೂತಿನಲ್ಲಿ ಬೆರಳ ಚರ್ಮ ಸ್ವಲ್ಪ ಒಳಗಿಳಿದು ಹಿಡಿತ ಸಿಗುತ್ತದೆ ಎಂದರು. ಮೇಡಂ ಅದನ್ನು ಕಣ್ಣಿನ ಎದುರು ಹಿಡಿದು ತೂತಿನ ಮೂಲಕ ಕಾಸಿಮರನ್ನೇ ನೋಡಿದರು.

"ಕ್ರಯ?"

ಕಾಸಿಂ ಹೇಳಿದರು. ಮಾಮೂಲಿಯದಕ್ಕಿಂತ ಜಾಸ್ತಿಯಿತ್ತು.

"ವಸ್ತು ಕಡಿಮೆ, ಕ್ರಯ ಜಾಸ್ತಿ. ನೀವು ಮಾರುವುದು ಪಿಕ್ಕನ್ನಾ ತೂತನ್ನಾ?" ಎಂದು ಕೇಳಿ, ದ್ರವ್ಯರಾಶಿಗೂ ಮೌಲ್ಯಕ್ಕೂ ಇರಬೇಕಾದ ಸಂಬಂಧದ ಬಗ್ಗೆ ಹತ್ತು ನಿಮಿಷ ಪಾಠ ಮಾಡಿ ಮೇಡಂ ಅಂಗಡಿಯ ಮೆಟ್ಟಿಲಿಳಿದರು. ಕಾಸಿಂ ಪೂರ್ತಿ ಕೇಳಿದರು. ಅವರಿಗೆ ಆಗ ಬೇರೆ ಗಿರಾಕಿ ಇರಲಿಲ್ಲ.

ಹೀಗೆ ಎರಡು ಅವಕಾಶ ಮುಗಿದು ಉಳಿದದ್ದು ಒಂದು. ಮೂರನೆಯದೂ ಹೋದರೆ ಹೋದ ಹಾಗೆಯೇ. ತಾನು ಮಾಡಿದ ಶಾಸನವನ್ನು ತನಗೆಂದು ಸಡಿಲಿಸುವವರ ಪೈಕಿ ಮೇಡಂ ಅಲ್ಲ. ಗಿಟಾರನ್ನು ಯಾರಿಗೆ ಕೊಡುವುದೆಂದೂ ನಿಶ್ಚಯವಾಗಿತ್ತು, ರಾಮಪ್ರಸಾದರ ತಂಗಿಯ ಮೊಮ್ಮಗಳು ಗಾನಶ್ರೀಗೆ. ಆ ಹುಡುಗಿಗೆ ಗಿಟಾರು ಬೇಕಿರಲಿಲ್ಲ, ಅದು ಬೇರೆ ವಿಷಯ.

ಪರಿಹಾರ ಹೊಳೆದದ್ದು ಹಿತ್ತಿಲಿನಲ್ಲಿ. ರಾಮಪ್ರಸಾದರು ಹಪ್ಪಳಕ್ಕೆಂದು ಹಲಸಿನಕಾಯಿ ಕೊಯ್ಯುತ್ತಿದ್ದರು. ಕತ್ತಿಗೆ ಹತ್ತಿದ ಮೇಣವನ್ನು ಒಂದು ಕೋಲಿಗೆ ಸುತ್ತಿ, ಆ ಕೋಲನ್ನು ಕೆಳಗಿಡಲು ನೋಡಿದರು. ಕೋಲು ಕೈ ಬಿಡಲಿಲ್ಲ. ಕೊಡವಿದರು. ಬಿಡಲಿಲ್ಲ. ನಾಯಿಯನ್ನು ಓಡಿಸುವವರಂತೆ ಕೈ ಬೀಸಿದರು. ಕೋಲು ಕೈಯ ಜೊತೆಗೇ ಬೀಸಿತು.

ಮೇಡಂ ಮೆಟ್ಟಿಲ ಮೇಲೆ ನಿಂತು ಈ ವಿದ್ಯಮಾನವನ್ನು ನೋಡಿದರು. ಮನುಷ್ಯಕುಲದ ದೊಡ್ಡ ಶೋಧಗಳೆಲ್ಲ ಇನ್ನೊಬ್ಬರ ಫಜೀತಿಯಿಂದಲೇ ಹುಟ್ಟಿರಬೇಕು.

ಪ್ರಯೋಗ ಅಂದು ಮಧ್ಯಾಹ್ನವೇ ನಡೆಯಿತು. ಎಳ್ಳುಕಾಳಿನಷ್ಟು ಮೇಣವನ್ನು ದೀಪಕ್ಕೆ ಹಿಡಿದು ಮೆತ್ತಗೆ ಮಾಡಿ ಹೊಸ ಹಳದಿ ಪಿಕ್ಕಿಗೆ ಹಚ್ಚಿದರು. ಹತ್ತು ನಿಮಿಷ ಮೀಟಿದರು. ಬೆವರು ಬಂತು, ಪಿಕ್ಕು ಕದಲಲಿಲ್ಲ. ತೆಂಗಿನೆಣ್ಣೆ ಒಂದು ಬೊಟ್ಟು ಮುಟ್ಟಿಸಿದಾಗ ಸಭ್ಯವಾಗಿ ಬಿಟ್ಟುಕೊಂಡಿತು. ಮೂರು ಸಲ ಪರೀಕ್ಷಿಸಿದರು, ಮೂರು ಸಲವೂ ಅದೇ ಫಲಿತಾಂಶ. ಮೇಡಂ ಹಳೆಯ ಡೈರಿಯಲ್ಲಿ ಬರೆದಿಟ್ಟರು. ಕಾಸಿಮರ ತೂತಿಗೆ ತಾವು ಕಂಡುಹಿಡಿದ ಸ್ವದೇಶಿ ಉತ್ತರದ ಬಗ್ಗೆ ಅವರಿಗೆ ಹೆಮ್ಮೆಯಾಯಿತು.

ಇದು ಅಂಟಿಸುವುದಲ್ಲವೇ, ಚೂಯಿಂಗ್ ಗಮ್ಮಿನ ಹುಡುಗನಿಗೂ ನಿನಗೂ ಎಂತ ವ್ಯತ್ಯಾಸ ಎಂದು ರಾಮಪ್ರಸಾದರು ಕೇಳಿದಾಗ, ಮೇಡಂ ಡೈರಿ ಮುಚ್ಚಿದರು. ಆಮೇಲೆ, ಅದು ತಕ್ಕಡಿಗೆ ಮೋಸ, ಇದು ಬೆವರಿಗೆ ಔಷಧ ಎಂದರು. ವಾಕ್ಯ ಚೆನ್ನಾಗಿತ್ತು. ಆದರೆ ಹೇಳಿದವರಿಗೇ ಪೂರ್ತಿ ಸಮಾಧಾನವಾದಂತೆ ಕಾಣಲಿಲ್ಲ.

ಪರೀಕ್ಷೆಯ ಶನಿವಾರ ಬಂತು. ಇನ್ನು ಹೇಳುವ ತಪ್ಪನ್ನು ಮೇಡಂ ಅವರ ವಿದ್ಯಾರ್ಥಿ ಯಾರಾದರೂ ಮಾಡಿದ್ದರೆ ಲ್ಯಾಬಿನಿಂದ ಹೊರಗೆ ಹಾಕುತ್ತಿದ್ದರು. ಪ್ರಯೋಗ ಮಾಡಿದ್ದು ಎಳ್ಳುಕಾಳಿನಷ್ಟರಲ್ಲಿ. ಆದರೆ ದಿನ ದೊಡ್ಡದು, ಅವಕಾಶ ಕೊನೆಯದು, ಸೆಕೆಯೂ ಜೋರು. ಭದ್ರತೆಗೆಂದು ಕಡಲೆಕಾಳಿನಷ್ಟು ಹಚ್ಚಿದರು. ಕ್ಲಾಸಿನಲ್ಲಿ ದೀಪ ಹಚ್ಚಿ ಮೇಣ ಕಾಯಿಸಲು ಆಗುವುದಿಲ್ಲವಲ್ಲ; ಹಾಗಾಗಿ ಮನೆಯಲ್ಲೇ ಹಚ್ಚಿ, ಪಿಕ್ಕನ್ನು ಹೆಬ್ಬೆರಳು ತೋರುಬೆರಳ ನಡುವೆ ಸ್ಥಾಪಿಸಿ, ರಾಮಪ್ರಸಾದರು ಓಡಿಸುವ ಕಾರು ಹತ್ತಿದರು.

ಬೆಟ್ಟಂಪಾಡಿಯಿಂದ ದರ್ಬೆಯವರೆಗೆ ಅವರು ಬಲಗೈಯನ್ನು ಭುಜದ ಮಟ್ಟಕ್ಕೆ ಎತ್ತಿ ಹಿಡಿದು ಕೂತರು. ದಾರಿಯಲ್ಲಿ ಇಬ್ಬರು ಹಳೆಯ ಪರಿಚಯದವರು, ಮೇಡಂ ತಮ್ಮನ್ನು ಆಶೀರ್ವದಿಸುತ್ತಿದ್ದಾರೆಂದು ತಿಳಿದು ನಮಸ್ಕರಿಸಿದರು. ಒಬ್ಬ ಟ್ರಾಫಿಕ್ ಪೊಲೀಸ್ ಎದುರಿನ ಬಸ್ಸನ್ನು ನಿಲ್ಲಿಸಿದ. ಸೆಕೆಗೆ ಮೇಣ ಕರಗಿ, ಕಡಲೆಕಾಳು ಇದ್ದಲ್ಲಿಂದ ಹೊರಟು ಹೆಬ್ಬೆರಳ ಬುಡ, ಅಲ್ಲಿಂದ ಅಂಗೈ ಎಂದು ಸಂಚಾರ ಶುರುಮಾಡಿತ್ತು.

ಮೆಟ್ಟಿಲ ಬುಡದಲ್ಲಿ ಶಾಂಭವಿ ಸಿಕ್ಕಿದರು. ಕೆಮಿಸ್ಟ್ರಿ ಹೇಳುತ್ತಿದ್ದವರು, ಮೇಡಂ ಅವರೊಟ್ಟಿಗೇ ನಿವೃತ್ತರಾದವರು. ಮಗಳು ಕಾಣಿಯೂರಿನಲ್ಲಿ ಮನೆ ಕಟ್ಟಿಸಿದ್ದಾಳೆ, ಗೃಹಪ್ರವೇಶಕ್ಕೆ ಬರಲೇಬೇಕು ಎಂದು ಹೇಳಿ, ಅರಸಿನ ಕುಂಕುಮ ಹಚ್ಚಿದ ಕಾಗದವನ್ನು ಎರಡೂ ಕೈಯಿಂದ ನೀಡಿದರು. ಮೇಡಂ ಎಡಗೈ ಚಾಚಿದರು.

ಶಾಂಭವಿಯ ಮುಖ ಸಣ್ಣದಾಯಿತು. "ಎಂತ ಗೋದಾವರಿ, ನನ್ನ ಮಗಳ ಕಾಗದಕ್ಕೆ ಎಡಗೈಯಾ?"

ಇನ್ನೇನು ಮಾಡುವುದು? ಮೇಡಂ ಬಲಗೈಯನ್ನೇ ಕೊಟ್ಟರು. ಕಾಗದ ಬಂದು ಕೂತಿತು, ಕೂತದ್ದು ಏಳಲಿಲ್ಲ. ಶಾಂಭವಿ ಅತ್ತ ಹೋದ ಮೇಲೆ ರಾಮಪ್ರಸಾದರು ಒಂದು ತುದಿ ಹಿಡಿದು ಎಳೆದರು. ಮುಹೂರ್ತ, ಸ್ಥಳ, ಆಹ್ವಾನಿಸುವವರು ಎಲ್ಲ ರಾಮಪ್ರಸಾದರ ಕೈಗೆ ಹೋದವು. ಮೇಲಿನ ಮೂಲೆಯ ಬಂಗಾರ ಬಣ್ಣದ ಗಣಪತಿ ಮಾತ್ರ ಮೇಡಂ ಅವರ ಹೆಬ್ಬೆರಳ ಮೇಲೆ ಉಳಿದ.

"ಈಗಲಾದರೂ ಹಿಂದೆ ಹೋಗುವ, ಮಾರಾಯ್ತಿ," ಎಂದರು ರಾಮಪ್ರಸಾದರು. "ಜ್ವರ ಅಂತ ಹೇಳಿದರಾಯ್ತು."

"ನನ್ನ ಲ್ಯಾಬಿಗೆ ಜ್ವರದ ನೆಪ ಹೇಳಿ ಬಾರದವರು ಎಷ್ಟು ಮಂದಿ ಅಂತ ನನಗೆ ಗೊತ್ತುಂಟು," ಎಂದು ಹೇಳಿ ಮೇಡಂ ಮೆಟ್ಟಿಲು ಹತ್ತಿದರು.

ಮೇಲೆ ಹನ್ನೊಂದು ಮಕ್ಕಳು ಅರ್ಧಚಂದ್ರಾಕಾರದಲ್ಲಿ ಕೂತಿದ್ದರು. ಮೊದಲ ಕುರ್ಚಿಯಲ್ಲಿ ಯಶ್ಮಿತಾ, ನಾಲ್ಕನೇ ಕ್ಲಾಸು, ಕಳೆದ ತಿಂಗಳಷ್ಟೇ ಹಸಿರು ಪಿಕ್ಕಿಗೆ ಏರಿದವಳು. ಉದಯಶಂಕರ ಎದ್ದು ನಿಂತ. ನಲವತ್ತು ದಾಟಿ ತಲೆ ಅರ್ಧ ಬೋಳಾಗಿದ್ದರೂ ಮೇಡಂ ಒಳಗೆ ಬಂದರೆ ಅವನ ಕಾಲು ತಾನಾಗಿ ಎದ್ದು ನಿಲ್ಲುತ್ತಿತ್ತು. ಹೆಬ್ಬೆರಳ ಮೇಲೆ ಹೊಳೆಯುವ ಗಣಪತಿಯನ್ನು ಅವನು ನೋಡಿದ. ಮೇಡಂ ದೇವರನ್ನು ನೆನೆಯುವವರಲ್ಲವೆಂದು ಅವನಿಗೆ ಗೊತ್ತಿತ್ತು; ಪರೀಕ್ಷೆ ಯಾರನ್ನಾದರೂ ಬದಲಿಸುತ್ತದೆ ಎಂದುಕೊಂಡಿರಬೇಕು, ಕುರ್ಚಿ ತೋರಿಸಿದ.

ಮೇಡಂ ಗಿಟಾರು ಎತ್ತಿಕೊಂಡರು. ಹೊಟ್ಟೆಯೊಳಗಿನ ಹಳೆಯ ಪಿಕ್ಕು ಕಟಕಟ ಎಂದು ಸ್ವಾಗತಿಸಿತು. ಶುರು ಮಾಡಿದರು.

ಇಲ್ಲಿ ನ್ಯಾಯವಾಗಿ ಹೇಳಬೇಕಾದ್ದೊಂದಿದೆ. ಅವರು ಚೆನ್ನಾಗಿ ನುಡಿಸಿದರು. ಜಿ ಯಿಂದ ಸಿ ಗೆ ಹೋಗುವಾಗ ಯಾವಾಗಲೂ ಮುಗ್ಗರಿಸುವ ಉಂಗುರಬೆರಳು ಅಂದು ಮುಗ್ಗರಿಸಲಿಲ್ಲ. ಎರಡನೇ ಸುತ್ತಿನಲ್ಲಿ ಮಕ್ಕಳು ಕಾಲಿನಿಂದ ತಾಳ ಹಾಕಿದರು. ಮೂರನೇ ಸುತ್ತಿನಲ್ಲಿ ಮಾತ್ರ ಪಿಕ್ಕಿನಿಂದ ತಂತಿಗೆ, ತಂತಿಯಿಂದ ಪಿಕ್ಕಿಗೆ ಜೇಡನ ಬಲೆಯಂತಹ ಸಣ್ಣ ಎಳೆಗಳು ಹುಟ್ಟಿ, ಗಿಟಾರಿನ ದನಿಗೆ ನೆಗಡಿಯಾದಂತಾಯಿತು. ಆದರೂ ಕೊನೆ ಮುಟ್ಟಿಸಿದರು. ಪಿಕ್ಕು ಬೀಳಲಿಲ್ಲ. ಅದಕ್ಕೆ ಬೀಳುವ ಸ್ವಾತಂತ್ರ್ಯವೇ ಇರಲಿಲ್ಲ.

ಮಕ್ಕಳು ಚಪ್ಪಾಳೆ ತಟ್ಟಿದರು. ಉದಯಶಂಕರ ಹಸಿರು ಪಿಕ್ಕನ್ನೂ ಕ್ಯಾಪೊವನ್ನೂ ತೆಗೆದುಕೊಂಡು ಬಂದ. ತನ್ನನ್ನು ಅಕ್ಟೋಬರಿಗೆ ಕಳಿಸಿದವರಿಗೆ ತಾನು ಬಡ್ತಿ ಕೊಡುವ ಯೋಗ ಎಷ್ಟು ಜನರಿಗೆ ಬರುತ್ತದೆ?

ಮೇಡಂ ಎಡಗೈ ಚಾಚಿದರು. ಹನ್ನೊಂದು ಮಕ್ಕಳೂ ಒಟ್ಟಿಗೆ ಬೊಬ್ಬೆ ಹೊಡೆದರು. ಬಲಗೈ ಚಾಚಿದರು. ಉದಯಶಂಕರ ಅಂಗೈಯ ನಡುವೆ ಹಸಿರು ಪಿಕ್ಕನ್ನು ಇಟ್ಟ, ಪಕ್ಕದಲ್ಲಿ ಕ್ಯಾಪೊವನ್ನು ಇಟ್ಟ. ಆಮೇಲೆ ತನ್ನ ಕೈಯನ್ನು ಕೆಳಗೆ ಒಡ್ಡಿ ನಿಂತ, ಹಳದಿ ಪಿಕ್ಕಿಗಾಗಿ.

ಮೇಡಂ ಕೈಯನ್ನು ಮಗುಚಿದರು.

ಏನೂ ಬೀಳಲಿಲ್ಲ.

ಹಳದಿ ಪಿಕ್ಕು ಬೆರಳ ನಡುವೆ ನಿಂತಿತ್ತು. ಹಸಿರು ಪಿಕ್ಕು ಅಂಗೈಗೆ ಹಲ್ಲಿಯ ಹಾಗೆ ಕಚ್ಚಿತ್ತು. ಕ್ಯಾಪೊ, ಅಷ್ಟು ತೂಕದ ಕಬ್ಬಿಣದ ಕ್ಯಾಪೊ, ಮಣಿಕಟ್ಟಿನ ಹತ್ತಿರ ಬಾವಲಿಯ ಹಾಗೆ ತಲೆಕೆಳಗಾಗಿ ತೂಗುತ್ತಿತ್ತು. ಗಣಪತಿ ಹೆಬ್ಬೆರಳ ಮೇಲಿಂದ ಎಲ್ಲವನ್ನೂ ನೋಡುತ್ತಿದ್ದ. ಮೂವತ್ತನಾಲ್ಕು ವರ್ಷ ಗುರುತ್ವಾಕರ್ಷಣೆಯನ್ನು ಬೋಧಿಸಿದವರ ಕೈ ಹನ್ನೊಂದು ಸಾಕ್ಷಿಗಳ ಎದುರು ಗುರುತ್ವಾಕರ್ಷಣೆಯನ್ನು ಸಾರಾಸಗಟಾಗಿ ಅಲ್ಲಗಳೆದಿತ್ತು. ಮೇಡಂ ಒಮ್ಮೆ ಕೊಡವಿದರು. ಕ್ಯಾಪೊ ಗಡಿಯಾರದ ಲೋಲಕದಂತೆ ಆಡಿತು. ಆವರ್ತನಾವಧಿ ಸುಮಾರು ಅರ್ಧ ಸೆಕೆಂಡು ಎಂದು ಅವರ ಮನಸ್ಸು, ಅಭ್ಯಾಸಬಲದಿಂದ, ಲೆಕ್ಕ ಹಾಕಿತು.

ಮಕ್ಕಳೆಲ್ಲ ಕುರ್ಚಿಯ ತುದಿಗೆ ಸರಿದು ಬಗ್ಗಿ ನೋಡಿದರು.

ಈ ಹೊತ್ತಿನಲ್ಲಿ ಏನಾದರೊಂದು ಹೇಳಿ ಪಾರಾಗಬಹುದಿತ್ತು. ಕೈಗೆ ಆಯುರ್ವೇದದ ಮುಲಾಮು ಹಚ್ಚಿದ್ದೇನೆ ಎನ್ನಬಹುದಿತ್ತು. ಉದಯಶಂಕರ ನಂಬುತ್ತಿದ್ದ, ನಂಬದಿದ್ದರೂ ತಲೆಯಾಡಿಸುತ್ತಿದ್ದ. ಬಾಗಿಲಲ್ಲಿ ನಿಂತ ರಾಮಪ್ರಸಾದರು ಹೆಂಡತಿಯ ಮುಖ ನೋಡಿ, ತೆಂಗಿನೆಣ್ಣೆ ತರಲು ಕೆಳಗಿನ ಹೋಟೆಲಿಗೆ ಓಡಿದರು. ಈ ಮುಖ ಸುಳ್ಳು ಹೇಳುವ ಮುಖವಲ್ಲವೆಂದು ನಲವತ್ತನಾಲ್ಕು ವರ್ಷಗಳ ಸಂಸಾರ ಅವರಿಗೆ ಕಲಿಸಿತ್ತು.

"ಹಲಸಿನ ಮೇಣ," ಎಂದರು ಮೇಡಂ. "ಕಡಲೆಕಾಳಿನಷ್ಟು."

ಉದಯಶಂಕರ ಕೈಯನ್ನು ನೋಡಿದ, ಮೇಡಂ ಅವರನ್ನು ನೋಡಿದ. ಇಪ್ಪತ್ತೈದು ವರ್ಷಗಳ ಹಿಂದಿನ ತಕ್ಕಡಿಯೊಂದು ಅವನ ಕಣ್ಣೆದುರು ತೂಗಿ ನಿಂತದ್ದು ಯಾರಿಗಾದರೂ ಕಾಣುವಂತಿತ್ತು. ಆದರೆ ಅವನು ಒಳ್ಳೆಯವನು. ಪಿಕ್ಕು ಬೀಳಬಾರದು ಎಂಬುದಷ್ಟೇ ನಿಯಮ, ಬೀಳಲಿಲ್ಲ, ಹೇಗೆ ಹಿಡಿಯಬೇಕು ಎಂದು ಎಲ್ಲಿಯೂ ಬರೆದಿಲ್ಲ, ನೀವು ಪಾಸು ಎಂದು ಬಿಡಿಬಿಡಿಯಾಗಿ ಹೇಳಿದ.

"ಅಂಟಿಸಿದ್ದಕ್ಕೆ ಮಾರ್ಕ್ ಇಲ್ಲ," ಎಂದರು ಮೇಡಂ. "ಬರೆ. ಫೇಲ್."

"ಮೇಡಂ, ಪರವಾಗಿಲ್ಲ..."

"ಪುಸ್ತಕ ತೆಗೆ ಉದಯಶಂಕರ. ನನ್ನೆದುರೇ ಬರೆ."

ಅವನು ಹಾಜರಿ ಪುಸ್ತಕ ತೆಗೆದು, ಅವರ ಹೆಸರಿನ ಎದುರು ಸಣ್ಣದಾಗಿ ಬರೆದ. ಸರಿಯಾಗಿ ಕಾಣುವ ಹಾಗೆ ಬರೆ ಎಂದರು, ದೊಡ್ಡದಾಗಿ ಬರೆದ. ಆ ಹೊತ್ತಿಗೆ ರಾಮಪ್ರಸಾದರು ಸ್ಟೀಲಿನ ಲೋಟದಲ್ಲಿ ತೆಂಗಿನೆಣ್ಣೆ ಹಿಡಿದು ಏದುಸಿರು ಬಿಡುತ್ತ ಬಂದರು. ಮೇಡಂ ಕುರ್ಚಿಯಲ್ಲಿ ಕೂತು ಕೈ ಚಾಚಿದರು. ಎಣ್ಣೆ ಹೊಯ್ದು ಉಜ್ಜಿದಂತೆ ಕ್ಯಾಪೊ ಬಿಟ್ಟಿತು, ಹಸಿರು ಪಿಕ್ಕು ಬಿಟ್ಟಿತು, ಹಳದಿಯೂ ಬಿಟ್ಟಿತು. ಗಣಪತಿಗೆ ಸ್ವಲ್ಪ ಹೊತ್ತು ಬೇಕಾಯಿತು. ಮಕ್ಕಳು ಸುತ್ತ ನೆರೆದು ಪ್ರತಿಯೊಂದಕ್ಕೂ ಚಪ್ಪಾಳೆ ತಟ್ಟಿದರು, ಮೊದಲಿಗಿಂತ ಜೋರಾಗಿ.

ಕೈ ಖಾಲಿಯಾಯಿತು. ಮೇಡಂ ಎದ್ದು ಗಿಟಾರನ್ನು ಚೀಲಕ್ಕೆ ಹಾಕಿ ಜಿಪ್ಪು ಎಳೆದರು. ಆ ಜಿಪ್ಪನ್ನು ಎಂದಿಗಿಂತ ನಿಧಾನವಾಗಿ ಎಳೆದದ್ದನ್ನು ರಾಮಪ್ರಸಾದರು ಗಮನಿಸಿದರು, ಮತ್ತು ಗಮನಿಸಿಲ್ಲವೆಂಬಂತೆ ಲೋಟವನ್ನು ನೋಡಿದರು.

"ಹಾಗಾದರೆ ಮುಂದಿನ ತಿಂಗಳು ನೋಡುವ ಮೇಡಂ," ಎಂದ ಉದಯಶಂಕರ.

"ಮುಂದಿನ ತಿಂಗಳು ಎಂತದು? ಮೂರೂ ಮುಗಿಯಿತಲ್ಲ."

"ಎಂತ ಮೂರು?"

"ಮೂರು ಅವಕಾಶ. ನಾಲ್ಕನೆಯದು ಇಲ್ಲ."

ಉದಯಶಂಕರನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದ ಮೇಲೆ ಅವನು ಬಹಳ ಮೆಲ್ಲಗೆ, ವರ್ಷಗಟ್ಟಲೆ ಕಾದಿಟ್ಟ ಉತ್ತರವನ್ನು ಒಪ್ಪಿಸುವವನಂತೆ ಹೇಳಿದ: "ಅದು ನಿಮ್ಮ ಲ್ಯಾಬಿನದ್ದು ಮೇಡಂ. ಇಲ್ಲಿ ಹಾಗೆಲ್ಲ ಇಲ್ಲ. ಯಶ್ಮಿತಾ ಪಾಸಾದದ್ದು ಏಳನೇ ಸಲಕ್ಕೆ."

ಯಶ್ಮಿತಾ ತಲೆಯಾಡಿಸಿದಳು. ಅವಳಿಗೆ ಅದರಲ್ಲಿ ನಾಚಿಕೆಯ ವಿಷಯವೇನೂ ಕಾಣಲಿಲ್ಲ.

ಮೇಡಂ ಕನ್ನಡಕ ತೆಗೆದು ಉದಯಶಂಕರನ ಮುಖ ನೋಡಿದರು. ಅವನು ಅಭ್ಯಾಸದಂತೆ ಒಂದು ಹೆಜ್ಜೆ ಹಿಂದೆ ಸರಿದ. ಆದರೆ ಎಣ್ಣೆಗೈಯಲ್ಲಿ ಹಿಡಿದಿದ್ದ ಕನ್ನಡಕ ಅಷ್ಟರಲ್ಲಿ ಜಾರಿ ನೆಲಕ್ಕೆ ಬಿದ್ದಿತ್ತು. ಯಶ್ಮಿತಾ ಹೆಕ್ಕಿ ಬಲಗೈಯಲ್ಲಿ ಕೊಟ್ಟಳು.

ಇಬ್ಬರೂ ಮೆಟ್ಟಿಲಿಳಿದರು. ಅಂಗಡಿಯ ಎದುರು ಮೇಡಂ ನಿಂತರು. ಒಳಗೆ ಹೋಗಿ, ಗಾಜಿನ ಮೇಲೆ ಎಣ್ಣೆಗೈ ತಾಗದಂತೆ ನೆಟ್ಟಗೆ ನಿಂತು, ಆ ತೂತಿನದ್ದು ಇದೆಯಾ ಎಂದು ಬೇರೆ ಯಾರಿಗೋ ಬೇಕಾದ ವಸ್ತುವನ್ನು ಕೇಳುವ ದನಿಯಲ್ಲಿ ಕೇಳಿದರು.

ಕಾಸಿಂ ಡಬ್ಬಿ ತೆಗೆಯಲಿಲ್ಲ. ಗಲ್ಲಾಪೆಟ್ಟಿಗೆಯ ಅಡಿಯಿಂದ ಒಂದು ಸಣ್ಣ ಪೊಟ್ಟಣ ತೆಗೆದು ಮುಂದಿಟ್ಟರು. ಅದರ ಮೇಲೆ ಬಾಲ್ ಪೆನ್ನಿನಲ್ಲಿ 'ಗೋದಾವರಿ ಮೇಡಂ' ಎಂದು ಬರೆದಿತ್ತು.

"ಇದು ಯಾವಾಗ ಬರೆದದ್ದು?"

"ಮೊನ್ನೆ ನೀವು ತೂತಿನ ವಿಷಯ ಮಾತಾಡಿ ಮೆಟ್ಟಿಲು ಇಳಿದ್ರಲ್ಲ ಮೇಡಂ, ಆಗಲೇ."

ಮೇಡಂ ಪೊಟ್ಟಣ ಬಿಡಿಸಿದರು. ಒಳಗೆ ಐದು ಪಿಕ್ಕು. ಐದು ಯಾಕೆ ಎಂದು ಕೇಳಿದರು. ಮೇಲಿನ ಆ ಸಣ್ಣ ಹುಡುಗಿಗೆ ಏಳು ಸಲ ಬೇಕಾಯಿತು, ನಿಮ್ಮದು ಆಗ ಎರಡು ಆಗಿತ್ತು, ಉಳಿದದ್ದು ಐದು ಎಂದು ಕಾಸಿಂ ವಿವರಿಸಿದರು.

"ಐದು ಸಲಕ್ಕೆ ಐದು ಯಾಕೆ? ಒಂದೇ ಸಾಲದಾ?"

"ನಿಮ್ಮದು ಒಂದು ಸಲಕ್ಕೆ ಒಂದು ಹೋಗ್ತದಲ್ಲ ಮೇಡಂ. ಒಂದು ಕಟಿಂಗ್ ಶಾಪಿಗೆ, ಒಂದು ಗಿಟಾರಿನ ಹೊಟ್ಟೆಗೆ."

ಹೊರಗೆ ನಿಂತ ರಾಮಪ್ರಸಾದರಿಗೆ ಒಮ್ಮೆಲೇ ಕೆಮ್ಮು ಬಂತು.

ಮೇಡಂ ಐದರಿಂದ ಒಂದನ್ನು ತೆಗೆದು ಗಾಜಿನ ಮೇಲಿಟ್ಟರು. "ಮೂರನೆಯದು ಇವತ್ತು ಆಯಿತು." ಸ್ವಲ್ಪ ಯೋಚಿಸಿ ಇನ್ನೊಂದನ್ನೂ ತೆಗೆದು ಅದರ ಪಕ್ಕ ಇಟ್ಟರು. "ಇದೂ ಬೇಡ. ಆ ಹುಡುಗಿಗಿಂತ ಒಂದು ಸಲ ಮೊದಲೇ ಪಾಸಾಗುತ್ತೇನೆ."

ಮೂರರ ಕ್ರಯ ಕೊಟ್ಟು, ಪಿಕ್ಕುಗಳನ್ನು ಚೀಲಕ್ಕೆ ಹಾಕಿ, ತಲೆಯೆತ್ತಿ, ಗಿಟಾರಿನ ಕಟಕಟ ಸದ್ದಿನೊಂದಿಗೆ ಕಾರಿನ ಕಡೆ ನಡೆದರು. ಬಾಗಿಲು ತೆಗೆಯುವಾಗ ಒಮ್ಮೆ ತಿರುಗಿ ನೋಡಬಾರದಿತ್ತು, ನೋಡಿದರು.

ಕಾಸಿಂ ಆ ಎರಡು ಪಿಕ್ಕನ್ನು ಡಬ್ಬಿಗೆ ಹಾಕಲಿಲ್ಲ. ಹೊಸ ಪೊಟ್ಟಣವೊಂದಕ್ಕೆ ಹಾಕಿ ಬಾಯಿ ಮಡಚಿ, ಅದರ ಮೇಲೆ ನಿಧಾನವಾಗಿ, ದೀರ್ಘ ಸೊನ್ನೆ ಯಾವುದೂ ತಪ್ಪದ ಹಾಗೆ, ಮತ್ತೆ ಅವರ ಹೆಸರನ್ನೇ ಬರೆಯುತ್ತಿದ್ದರು.